ತೊಂಡೇಬಾವಿಯಲ್ಲಿ ವಾಲಿ ನಿಂತ ಬಸ್ಸು

ಗೌರಿಬಿದನೂರಿನ ಅಸದುಲ್ಲಾ ಅವರಿಗೆ ಐವತ್ತೊಂಬತ್ತು ವರ್ಷ. ಲಾರಿ, ಬಸ್ಸುಗಳ ಏರ್ ಬ್ರೇಕು ರಿಪೇರಿ ಮಾಡುತ್ತಲೇ ಮೂವತ್ತನಾಲ್ಕು ವರ್ಷ ಕಳೆದಿದ್ದರು. ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಬರುವ ಡ್ರೈವರುಗಳಿಗೆಲ್ಲ ಅವರ ನಂಬರು ಗೊತ್ತು. ಈಚೆಗೆ ಮಾತ್ರ ಲಾರಿಯ ಕೆಳಗೆ ಮಲಗಿದರೆ ಏಳುವುದೇ ಒಂದು ದೊಡ್ಡ ಕೆಲಸವಾಗಿತ್ತು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಚಕ್ರ ಹಿಡಿದು ಏಳಬೇಕು. ಎದ್ದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು.

ಆ ಗುರುವಾರ ಬೆಳಿಗ್ಗೆ ಎರಡನೇ ಲಾರಿ ಮುಗಿಸಿ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಾಗ ತೊಂಡೇಬಾವಿಯಿಂದ ಫೋನು ಬಂತು. ಚಿಂತಾಮಣಿಯ ರೂಪ ಎಂಬಾಕೆ. ಬೆನ್ನುಮೂಳೆ ಮುರಿದುಕೊಂಡು ಮಲಗಿದ್ದ ತಾಯಿ ಅಶ್ವತ್ಥಮ್ಮನಿಗೆ ತೊಂಡೇಬಾವಿಯಲ್ಲಿರುವ ತನ್ನ ತಂಗಿಯನ್ನು ನೋಡುವ ಆಸೆ. ಕಾರಿನಲ್ಲಿ ಕೂರಲಾಗದು. ಹಾಗಾಗಿ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಮನೆಯಂಥ ಬಸ್ಸೊಂದನ್ನು ಬಾಡಿಗೆಗೆ ಹಿಡಿದು ತಂದಿದ್ದರು. ಅದೀಗ ರೈಲ್ವೆ ಸ್ಟೇಷನ್ನಿನ ಹತ್ತಿರ ಹುಣಸೆಮರದಡಿ ಎಡಕ್ಕೆ ವಾಲಿ ನಿಂತಿತ್ತು.

"ಅಮ್ಮ ಗೋಡೆ ಕಡೆ ಜಾರ್ತಾರೆ, ನೋವು ತಡೀಲಾರ್ದೆ ಕೂಗ್ತಾರೆ. ಬೇಗ ಬನ್ನಿ" ಅಂದಳು ರೂಪ.

ಅಸದುಲ್ಲಾ ಹೋದರು. ಆ ಬಸ್ಸು ಕೂತಿರುವುದು ಗಾಳಿ ತುಂಬಿದ ಚೀಲಗಳ ಮೇಲೆ. ಎಂಜಿನ್ ಆಫ್ ಆದಾಗ ಟ್ಯಾಂಕಿನ ಮೂಲಕ ಚೀಲಗಳಿಗೆ ಗಾಳಿ ಕೊಡಲು ಬ್ಯಾಟರಿಯಿಂದ ಓಡುವ ಚಿಕ್ಕ ಕಂಪ್ರೆಸರ್ ಒಂದಿತ್ತು. ಅದು ಬಿಡದೆ ಗುರ್ರೆನ್ನುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಸೋಪಿನ ನೀರು ಹಚ್ಚಿ ನೋಡಿದರೆ ಕಂಪ್ರೆಸರಿನಿಂದ ಹೊರಡುವ ಪೈಪಿನ ಜಾಯಿಂಟಿನಲ್ಲೇ ನೊರೆ ಉಕ್ಕಿತು. ಬಿಚ್ಚಿ, ಪೈಪಿನ ತುದಿಯ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಗಾಳಿ ಸೋರದಂತೆ ಹೊಸ ಟೇಪು ಸುತ್ತಿ, ಬಿಗಿ ಮಾಡಿದರು. ಬಸ್ಸು ನಿಧಾನಕ್ಕೆ ನೆಟ್ಟಗಾಯಿತು, ಕಂಪ್ರೆಸರೂ ನಿಂತಿತು. ಬೈಕು ಹತ್ತಿ ವಾಪಸು ಹೊರಟರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಫೋನು. "ಮತ್ತೆ ವಾಲಿದೆ ಸಾಬ್ರೇ."

ಹೆಂಡತಿ ನೂರುನ್ನೀಸಾ ತಟ್ಟೆ ನೋಡಿದಳು, ಗಂಡನ ಮುಖ ನೋಡಿದಳು. "ಊಟ ಮುಗ್ಸಿ ಹೋಗಿ" ಅಂದಳು. ಅವರು ಎರಡು ತುತ್ತು ತಿಂದು ಎದ್ದರು. ದಾರಿಯುದ್ದಕ್ಕೂ, ಬೆಂಗಳೂರಿಗೆ ತಗೊಂಡು ಹೋಗಿ ಅಂತ ಹೇಳಿಬಿಡೋಣ ಅಂದುಕೊಂಡೇ ಬೈಕು ಓಡಿಸಿದರು.

ಆದರೆ ಬಸ್ಸಿನೊಳಗೆ ಇಣುಕಿದಾಗ ಆ ಮಾತು ಬಾಯಿಗೆ ಬರಲಿಲ್ಲ. ಅಶ್ವತ್ಥಮ್ಮ ಜಾರದ ಹಾಗೆ ತಂಗಿ ಲಕ್ಷ್ಮೀನರಸಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತು, ಅಕ್ಕನ ಭಾರವನ್ನೆಲ್ಲ ತನ್ನ ಭುಜದ ಮೇಲೆ ತಾಳಿಕೊಂಡಿದ್ದಳು. ಅವಳಿಗೂ ಎಪ್ಪತ್ತು ದಾಟಿತ್ತು.

"ಎಷ್ಟೊತ್ತಿಂದ ಹಿಂಗೇ ಕೂತಿದೀರಮ್ಮ?"

"ಒಂದು ಗಂಟೆ ಆಗಿರ್ಬೇಕಪ್ಪ. ನೀನು ನಿನ್ನ ಕೆಲ್ಸ ನೋಡು."

ಚಕ್ರಗಳಿಗೆ ಕಲ್ಲು ಕೊಟ್ಟು, ಬಸ್ಸು ತಮ್ಮ ಮೇಲೆ ಕುಸಿಯದಂತೆ ಮರದ ದಿಮ್ಮಿ ಇಟ್ಟು, ಅಸದುಲ್ಲಾ ಕೆಳಗೆ ಮಲಗಿದರು. ಸ್ವಲ್ಪ ಹೊತ್ತು ಏನನ್ನೂ ಮುಟ್ಟದೆ ಬರೀ ಕೇಳಿಸಿಕೊಂಡರು. ಬೆಳಿಗ್ಗೆ ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಈಗ ನಿಲ್ಲುತ್ತಿತ್ತು, ಎರಡು ನಿಮಿಷಕ್ಕೆ ಮತ್ತೆ ಶುರುವಾಗುತ್ತಿತ್ತು. ಬಿಸಿಯಾಗಿ ತಾನೇ ಕಟ್ ಆದಾಗ ಬಸ್ಸು ವಾಲುತ್ತಿತ್ತು. ಅಂದರೆ ಗಾಳಿ ಟ್ಯಾಂಕಿಗೆ ಹೋಗುತ್ತಿದೆ, ಅಲ್ಲಿ ಉಳಿಯುತ್ತಿಲ್ಲ. ಸ್ವಿಚ್ ಆಫ್ ಮಾಡಿ ಕಂಪ್ರೆಸರಿನ ಪೈಪು ಬಿಚ್ಚಿದರು. ಟ್ಯಾಂಕಿನ ಕಡೆಯಿಂದ ಗಾಳಿ ಬುಸ್ಸೆಂದು ಮುಖಕ್ಕೆ ಬಡಿಯಿತು. ಒಳಗೆ ಹೋದ ಗಾಳಿಯನ್ನು ಹಿಂದಕ್ಕೆ ಬಿಡದ ಹಾಗೆ ತಡೆಯುವ ವಾಲ್ವು ಮುಚ್ಚುತ್ತಿರಲಿಲ್ಲ.

ಟ್ಯಾಂಕು ಖಾಲಿ ಮಾಡಿ ವಾಲ್ವು ಬಿಚ್ಚಿ ಅಂಗೈ ಮೇಲೆ ಬಡಿದರು. ಬಿಳಿಯ ಟೇಪಿನ ಒಂದು ಎಳೆ ಬಿತ್ತು. ಬೆರಳಿನ ಉಗುರಿನಷ್ಟೂ ಇರಲಿಲ್ಲ.

ಬೆಳಿಗ್ಗೆ ತಾವೇ ಸುತ್ತಿದ ಟೇಪು. ಪೈಪಿನ ತುದಿಯ ಎರಡು ಮರೆ ಬಿಟ್ಟು ಸುತ್ತಬೇಕು ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದರೋ! ಬೇಗ ಮುಗಿಸಿ ಏಳುವ ಆತುರದಲ್ಲಿ ತುದಿಯವರೆಗೂ ಸುತ್ತಿದ್ದರು. ಟೇಪಿನ ಆ ತುದಿ ಹರಿದು ಗಾಳಿಯ ಜೊತೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡಿತ್ತು. ಆ ಎಳೆಯನ್ನು ಮಣ್ಣಿಗೆ ಬಿಸಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ವಾಲ್ವು ತೊಳೆದು, ಟೇಪನ್ನು ಸರಿಯಾಗಿ ಸುತ್ತಿ ಎಲ್ಲ ಜೋಡಿಸಿದ ಮೇಲೆ ಹೊರಗೆ ಬಂದು ರೂಪಳನ್ನು ಕರೆದರು. ಅಂಗೈ ಚಾಚಿದರು.

"ಇದು ನನ್ ತಪ್ಪಮ್ಮ. ಬೆಳಿಗ್ಗೆ ಅವಸರದಲ್ಲಿ ಕೆಲ್ಸ ಕೆಡಿಸ್ದೆ. ನಿಮ್ಮಮ್ಮ ಸುಮ್ನೆ ನೋವು ತಿಂದ್ರು."

ರೂಪಳ ಮುಖ ಬಿಗಿಯಿತು. "ಒಂದು ಗಂಟೆ ಕೂಗಿದಾರೆ ಅವ್ರು" ಅಂದಳು. ಅಸದುಲ್ಲಾ ತಲೆ ತಗ್ಗಿಸಿ ನಿಂತರು.

ಒಳಗಿನಿಂದ ಅಶ್ವತ್ಥಮ್ಮನ ದನಿ ಬಂತು. "ಯಾರಮ್ಮೀ ಅದು? ಅವ್ರಿಗೆ ನೀರು ಕೊಡೇ ಮೊದ್ಲು. ದನಿ ಕೇಳಿದ್ರೇ ಗೊತ್ತಾಗ್ತದೆ, ಸುಸ್ತಾಗಿದಾರೆ."

ಬಸ್ಸು ಮತ್ತೆ ನೆಟ್ಟಗಾಗಿತ್ತು. ಈ ಸಲ ಅಸದುಲ್ಲಾ ಹೊರಡಲಿಲ್ಲ. ರೂಪ ಕೊಟ್ಟ ನೀರು ಕುಡಿದು, ಹುಣಸೆಮರಕ್ಕೆ ಒರಗಿ ಕೂತು ಕಿವಿಗೊಟ್ಟರು. ಐದು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಒಂದು ರೈಲು ಬಂದು ಹೋಯಿತು. ಕಂಪ್ರೆಸರ್ ಸದ್ದೆತ್ತಲಿಲ್ಲ. ಕಿಟಕಿಯ ಒಳಗೆ ಅಕ್ಕತಂಗಿಯರು ತೆಲುಗಿನಲ್ಲಿ ಯಾವುದೋ ಹಳೇ ಮದುವೆಯ ಮಾತಾಡಿಕೊಂಡು ನಗುತ್ತಿದ್ದರು.

ಒಂದು ಗಂಟೆ ಕಳೆದ ಮೇಲೆ ಅಸದುಲ್ಲಾ ಮರ ಹಿಡಿದು ಮೆಲ್ಲಗೆ ಎದ್ದು, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡರು.