ಆಂಪಿನ ಮುಂದೆ ಎರಡು ಮೈಕು

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸಂಜೆ ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಈ ಎರಡನೆಯ ಸಂಗತಿ ಇಡೀ ಬೀದಿಗೆ ಗೊತ್ತು. ಗಿಟಾರಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ನನ್ನ ಆಂಪು ಒಂದು ಹಳೆಯ ಆರ್ಕೆಸ್ಟ್ರಾದವರಿಂದ ಬಂದದ್ದು. ಕಲ್ಯಾಣ ಮಂಟಪಗಳನ್ನು ತುಂಬಿಸಿ ರೂಢಿಯಾದ ಅದಕ್ಕೆ ಮೆತ್ತಗೆ ಮಾತಾಡಲು ಬರುವುದಿಲ್ಲ.

ಮನೆಯಲ್ಲಿ ಇದಕ್ಕೆ ವಿರೋಧವಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ನನ್ನ ಗಂಡನಿಗೆ ಹಿತವಾಗಿ ಕೇಳಿಸುವುದು ಬೈಕಿನ ಎಂಜಿನ್ ಒಂದೇ. ಅತ್ತೆಯವರಂತೂ ನಾನು ಗಿಟಾರ್ ಕೆಳಗಿಟ್ಟ ಕೂಡಲೇ ಅಡುಗೆಮನೆಯಿಂದ, "ಮುಗೀತೇನವ್ವ ನಿನ್ನ ಕುಂಯ್ ಕುಂಯ್? ಬಾ, ರೊಟ್ಟಿ ಆರ್ತಾವು" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ಮಾತು ಚುಚ್ಚುತ್ತಿತ್ತು. ಆಮೇಲಾಮೇಲೆ ಊಟಕ್ಕೆ ಕರೆಯುವ ರೀತಿಯೇ ಅದು ಎಂದುಕೊಂಡು ಸುಮ್ಮನಾದೆ.

ಹೋದ ವರ್ಷ ನಮ್ಮೂರಿನ ಹವ್ಯಾಸಿ ನಾಟಕ ತಂಡದ ನಿರ್ದೇಶಕರು ಮನೆಗೆ ಬಂದರು. ಹೊಸ ನಾಟಕದಲ್ಲಿ ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಗಿಟಾರಿನ ಧಾಟಿಯೊಂದು ಬೇಕಿತ್ತಂತೆ. ಖುಷಿಯಿಂದ ಒಪ್ಪಿಕೊಂಡೆ. ಧಾಟಿ ಕಟ್ಟಿ, ಆಂಪಿನ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು.

"ಮೇಡಂ, ಧಾಟಿ ಭಾಳ ಚಲೋ ಐತ್ರಿ. ಆದ್ರೆ ಜೇನುಹುಳ ಡಬ್ಬಿಗೆ ಹಾಕಿ ಅಲ್ಲಾಡಿಸಿದಂಗೆ ಕೇಳ್ತೈತಲ್ರೀ!"

ಹಾಗಾಗಿ ಒಂದು ಒಳ್ಳೆಯ ಮೈಕು ಬೇಕೇ ಬೇಕಾಯಿತು. ಹರಿಹರದಲ್ಲಿರುವ ನನ್ನ ತಮ್ಮನಿಗೆ ಹೇಳಿದೆ. ಅವನು ಗುತ್ತೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಇಂಥ ಯಂತ್ರಗಳ ಹುಚ್ಚು ಅವನಿಗೆ ನನಗಿಂತ ಹೆಚ್ಚು. ಮುಂದಿನ ಭಾನುವಾರ ಲ್ಯಾಪ್‌ಟಾಪು, ಅದಕ್ಕೆ ಮೈಕು ಜೋಡಿಸುವ ಪುಟ್ಟ ಪೆಟ್ಟಿಗೆ, ಆನ್‌ಲೈನಿನಲ್ಲಿ ತರಿಸಿದ ಹೊಳೆಹೊಳೆಯುವ ಮೈಕು, ಎಲ್ಲವನ್ನೂ ಚೀಲದಲ್ಲಿ ಹೊತ್ತು ಬಂದ. ಆ ಮೈಕಿನ ಕಂಪನಿಯ ಹೆಸರನ್ನು ನಾನು ಕೇಳಿರಲಿಲ್ಲ.

"ಅಕ್ಕಾ, ದೊಡ್ಡ ಕಂಪನೀದು ತಗಂಡ್ರೆ ಬರೀ ಹೆಸರಿಗೆ ದುಡ್ಡು ಕೊಟ್ಟಂಗೆ. ಒಳಗಿರೋದೆಲ್ಲ ಒಂದೇ" ಎಂದ.

ನನಗೆ ನಂಬಿಕೆ ಬರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ತಮ್ಮನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ವಿಚಾರಿಸಿದೆ. ಅಂಗಡಿಯವರು "ಬರ್ರಿ ಮೇಡಂ, ಕೂಡ್ರಿ" ಎಂದು ಒಳಗಿನ ಪೆಟ್ಟಿಗೆಯಿಂದ ಒಂದು ಹಳೆಯ ಮೈಕು ತೆಗೆದರು. ಹೆಸರಾಂತ ಕಂಪನಿಯದು. ಮೂತಿಯ ಜಾಲರಿ ತಗ್ಗಾಗಿತ್ತು, ಬಣ್ಣ ಅಲ್ಲಲ್ಲಿ ಹೋಗಿತ್ತು.

"ಇದು ಸ್ಟೇಜ್ ಮೇಲಿಂದ ಬಿದ್ದಿದ್ದಕ್ಕೆ ಲೆಕ್ಕ ಇಲ್ರಿ. ಒಂದ್ಸಲ ಸಾಂಬಾರ್ ಬಕೆಟ್ನಾಗೂ ಬಿದ್ದಿತ್ತು. ಒರೆಸಿ ಹಚ್ಚಿದ್ವಿ, ಏನೂ ಆಗಿಲ್ದಂಗೆ ಹಾಡ್ತು. ತಗಂಡು ಹೋಗ್ರಿ, ಕೇಳಿ ನೋಡ್ರಿ. ಆಮೇಲೆ ಯಾವ್ದು ಬೇಕೋ ಅದನ್ನ ಕೊಳ್ರಿ" ಎಂದರು.

ತಮ್ಮ ಅದನ್ನು ಮೂಸಿ ನೋಡಿ, "ಇನ್ನೂ ಹುಳಿ ವಾಸ್ನೆ ಐತೆ" ಎಂದು ನಕ್ಕ.

ನಾವು ಎರಡೂ ಮೈಕುಗಳನ್ನು ಒಟ್ಟಿಗೆ ಆಂಪಿನ ಮುಂದೆ ನಿಲ್ಲಿಸಿದೆವು. ಒಂದೇ ನುಡಿಸಾಣಿಕೆಯನ್ನು ಎರಡೂ ಬೇರೆಬೇರೆಯಾಗಿ ಹಿಡಿದರೆ ಯಾವುದಕ್ಕೂ ಅನ್ಯಾಯವಾಗುವುದಿಲ್ಲ ಎಂಬುದು ನನ್ನ ಗಣಿತ. ಆಂಪಿನ ಸ್ಪೀಕರಿನ ನಟ್ಟನಡುವೆ ಇಟ್ಟಾಗ ಎರಡರಲ್ಲೂ ಸದ್ದು ಕಿವಿಗೆ ಚುಚ್ಚಿತು. ಅಂಚಿಗೆ ಸರಿಸಿದಾಗ ಕಂಬಳಿ ಹೊದ್ದು ಹಾಡಿದಂತಾಯಿತು. ತಮ್ಮ ಮೊಣಕಾಲೂರಿ ಕೂತು ಅಷ್ಟಷ್ಟೇ ಸರಿಸುತ್ತ, ನಾನು ಅದೇ ತಂತಿಯನ್ನು ಮೀಟುತ್ತ, ಅಂತೂ ನಡುವಿಗೂ ಅಂಚಿಗೂ ಮಧ್ಯೆ ಒಂದು ಜಾಗ ಸಿಕ್ಕಿತು. ಆಮೇಲೆ ಪೂರ್ತಿ ಧಾಟಿ ನುಡಿಸಿದೆ. ಕೊನೆಯ ಸ್ವರ ಕರಗುವ ಹೊತ್ತಿಗೆ ಕಾರ್ಖಾನೆಯಿಂದ ತಮ್ಮನಿಗೆ ಫೋನ್ ಬಂತು. ಅವನು ಮಾತಾಡುತ್ತ ಬೀದಿಗೆ ಹೋದ. ನಾನು ನೀರು ಕುಡಿಯಲು ಎದ್ದು ಅಡುಗೆಮನೆಗೆ ಹೋದೆ. ರೆಕಾರ್ಡಿಂಗ್ ನಿಲ್ಲಿಸುವುದು ಇಬ್ಬರಿಗೂ ಮರೆತುಹೋಯಿತು.

ತಿರುಗಿ ಬಂದು ಕೇಳಲು ಕೂತೆವು. ಮೊದಲು ಹಳೆಯ ಮೈಕು. ಗಿಟಾರ್ ದುಂಡಗೆ, ತುಂಬಿಕೊಂಡು ಬಂತು. ಬೆರಳು ತಂತಿಯನ್ನು ಒತ್ತಿದ ಬಿಗಿಯೂ ಕೇಳುತ್ತಿತ್ತು. ಆಮೇಲೆ ತಮ್ಮನ ಹೊಸ ಮೈಕು. ಅದೂ ಕೆಟ್ಟದಾಗೇನೂ ಇರಲಿಲ್ಲ, ಆದರೆ ಒಗ್ಗರಣೆ ಸಿಡಿದಂತೆ ಮೇಲಿನ ಸ್ವರಗಳು ಚಟಪಟ ಎನ್ನುತ್ತಿದ್ದವು. ಜೊತೆಗೆ ಬೀದಿಯ ಆಟೋ ಹಾರ್ನು, ಪಕ್ಕದ ಮನೆಯ ಕುಕ್ಕರು, ಎಲ್ಲ ಹಾಜರಿ ಹಾಕಿದ್ದವು.

ತಮ್ಮ ತಲೆ ಕೆರೆದುಕೊಂಡ. "ಸುಳ್ಳು ಯಾಕ ಹೇಳ್ಲಿ ಅಕ್ಕ, ಹಳೇದೇ ಚಲೋ ಐತೆ."

ಅವನು ಲ್ಯಾಪ್‌ಟಾಪು ಮುಚ್ಚುವಷ್ಟರಲ್ಲಿ ಹೊಸ ಮೈಕಿನ ರೆಕಾರ್ಡಿಂಗ್ ಮುಂದುವರಿದು, ಕೋಣೆಯ ಕಿಟಕಿಯಾಚೆಯಿಂದ ಇಬ್ಬರು ಹೆಂಗಸರ ಮಾತು ಕೇಳಿತು. ನಾವು ಎದ್ದುಹೋಗಿದ್ದ ಹೊತ್ತಿನಲ್ಲಿ ಅತ್ತೆಯವರು ಪಕ್ಕದ ಮನೆಯಾಕೆಯ ಜೊತೆ ಅಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಏನ್ರೀ ಅದು ಸಪ್ಪಳ? ನಿಮ್ಮ ಮನ್ಯಾಗೆ ಮಿಕ್ಸಿ ಕೆಟ್ಟೈತೇನ್ರಿ?" ಪಕ್ಕದ ಮನೆಯಾಕೆಯ ದನಿ.

"ಮಿಕ್ಸಿ ಅಲ್ಲಬೇ, ನನ್ನ ಸೊಸಿ ಗಿಟಾರು. ನಾಟಕದೋರು ಮನಿತಂಕ ಬಂದು ಕೇಳ್ಕಂಡು ಹೋಗ್ಯಾರೆ. ಎಲ್ಲಾರ ಕೈಗೂ ಬರ್ತೈತೇನು ಅದು? ನೀನು ಸರೀಗೆ ಕೇಳಿಲ್ಲ. ಹಿಂಗೈತೆ ನೋಡು" ಎಂದು ಅತ್ತೆಯವರು ನನ್ನ ಧಾಟಿಯನ್ನು ಗುನುಗಿದರು. ಮೊದಲಿನಿಂದ ಕೊನೆಯವರೆಗೆ, ಎಲ್ಲೂ ಬಿಡದೆ. ನಾನು ಗಿಟಾರಿನಲ್ಲಿ ಜಾರಿಸುವ ಕಡೆ ಅವರೂ ದನಿಯನ್ನು ಜಾರಿಸಿದ್ದರು.

ತಮ್ಮ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ನನಗೂ ನಗು ಬಂತು. ಇಷ್ಟು ವರ್ಷ ಗೋಡೆಯಾಚೆ ಕೂತು ಕೇಳಿದವರು ಒಬ್ಬರಿದ್ದರು, ಅದು ನನಗೆ ಗೊತ್ತಿರಲಿಲ್ಲ.

ಅವತ್ತೇ ಅತ್ತೆಯವರನ್ನು ಕರೆದು ಹೆಡ್‌ಫೋನ್ ಹಾಕಿ ಕೇಳಿಸಿದೆವು. ಅವರ ಮುಖ ಕೆಂಪಾಯಿತು.

"ಇದು ನಾನಲ್ಲ, ಪಕ್ಕದ ಮನ್ಯಾಕಿ" ಎಂದರು.

"ಅವ್ರು ನಿಮ್ಮ ಸೊಸೀನ ಹೊಗಳ್ತಾರೇನ್ರಿ ಅತ್ತೆಮ್ಮ?" ಎಂದ ನನ್ನ ತಮ್ಮ.

"ಹೇಳ್ದೆ ಕೇಳ್ದೆ ಮಂದಿ ಮಾತು ಹಿಡೀತೀರಲ್ಲ, ನಾಚ್ಕಿ ಆಗಂಗಿಲ್ವ ನಿಮಗೆ?" ಎಂದು ಗದರಿ, ಹೆಡ್‌ಫೋನ್ ಸರಿಮಾಡಿಕೊಂಡು, "ಇನ್ನೊಂದ್ಸಲ ಹಾಕು" ಎಂದರು.

ನನ್ನ ತಲೆಯಲ್ಲಿ ಆಗಲೇ ಒಂದು ಯೋಚನೆ ಓಡುತ್ತಿತ್ತು. ಆಂಪಿನ ಮುಂದೆ ಒರಟೆನಿಸಿದ ಆ ಅಗ್ಗದ ಮೈಕು ಮನುಷ್ಯರ ದನಿಯನ್ನು ಎಷ್ಟು ಹತ್ತಿರದಿಂದ ಹಿಡಿದಿತ್ತು! ಅತ್ತೆಯವರಿಗೆ ಹಾಡಲು ಹೇಳಿದೆ. "ಬ್ಯಾಡವ್ವ, ಹಲ್ಲಿಲ್ಲದ ಬಾಯಿ" ಎಂದು ಎದ್ದುಹೋದರು. ಊಟವಾಯಿತು, ಪಾತ್ರೆ ತೊಳೆದಾಯಿತು. ತಮ್ಮ ಹರಿಹರಕ್ಕೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಅವರೇ ಕೋಣೆಗೆ ಬಂದು ಮೈಕಿನ ಮುಂದೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಯಾರೋ ಫೋಟೋ ತೆಗೆಯುತ್ತಾರೆ ಎನ್ನುವ ಹಾಗೆ.

ನಿರ್ದೇಶಕರಿಗೆ ಎರಡನ್ನೂ ಸೇರಿಸಿ ಕಳಿಸಿದೆವು. ಮೊದಲು ಬರೀ ಗುನುಗು, ಅದರ ಬೆನ್ನಿಗೆ ಹಳೆಯ ಮೈಕಿನ ಗಿಟಾರ್. ಈ ಸಲ ಅವರು ಜೇನುಹುಳದ ಮಾತೆತ್ತಲಿಲ್ಲ. "ಆ ಅಜ್ಜಿ ಯಾರ್ರಿ?" ಎಂದಷ್ಟೇ ಕೇಳಿದರು. ಅಂಗಡಿಯವರಿಗೆ ಮೈಕು ಹಿಂದಿರುಗಿಸಿ, ಅದೇ ಕಂಪನಿಯದೊಂದನ್ನು ನಾನು ಕೊಂಡೆ. ತಮ್ಮನ ಮೈಕು ನಮ್ಮ ಮನೆಯಲ್ಲೇ ಉಳಿಯಿತು. ಯಾವುದು ಗೆದ್ದಿತು ಎಂದು ಅವನೂ ಅಂಗಡಿಯವರೂ ಸಿಕ್ಕಾಗಲೆಲ್ಲ ಜಗಳವಾಡುತ್ತಾರೆ. ಇಬ್ಬರೂ ತಾವೇ ಸರಿ ಅನ್ನುತ್ತಾರೆ, ನಾನು ಇಬ್ಬರಿಗೂ ಹೂಂಗುಟ್ಟುತ್ತೇನೆ.

ನಾಟಕದ ದಿನ ಅತ್ತೆಯವರು ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲ ದೃಶ್ಯ ಮುಗಿದು, ಕತ್ತಲೆಯಲ್ಲಿ ಅವರ ದನಿ ಇಡೀ ಸಭಾಂಗಣ ತುಂಬಿದಾಗ ಅವರು ಪಕ್ಕದವರ ತೋಳು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಮುಗಿದ ಮೇಲೆ, ನಾಟಕಕ್ಕೆ ಬಂದಿದ್ದ ತಮ್ಮನೂ ಸೇರಿ ಎಲ್ಲರೂ ಆಟೋದಲ್ಲಿ ಒತ್ತಿಕೊಂಡು ಕೂತು ಮನೆಗೆ ಬರುತ್ತಿದ್ದೆವು. ಅತ್ತೆಯವರು ಹೊರಗೆ ನೋಡುತ್ತ ನಾನೆಂದೂ ಕೇಳಿರದ ಹಾಡೊಂದನ್ನು ಶುರುಮಾಡಿದರು. ಅವರ ತವರೂರಾದ ಸಾರಥಿಯಲ್ಲಿ ಭತ್ತದ ನಾಟಿ ಮಾಡುವಾಗ ಹೇಳುತ್ತಿದ್ದುದಂತೆ. ತಮ್ಮ ತಡಬಡಿಸಿ ಜೇಬಿನಿಂದ ಫೋನ್ ತೆಗೆದ. ಅವರು ಅವನ ಕೈಮೇಲೆ ಫಟ್ಟೆಂದು ಒಂದು ಹೊಡೆದರು.

"ಮೊದ್ಲು ಮನಿಗೆ ನಡಿರಿ. ಅನ್ನಕ್ಕಿಡಬೇಕು" ಎಂದರು, ಹಾಡು ಮಾತ್ರ ನಿಲ್ಲಿಸಲಿಲ್ಲ.