ಕಳ್ಳ ತಿರುವಿನ ಪ್ಲಾಸ್ಟರತ್ತೆ

ನಮ್ಮ ಸೋದರತ್ತೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಮುರಿದ ಕೈಕಾಲಿಗೆ ಹತ್ತಿ ಸುತ್ತುವುದು, ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಕಾಯುವುದು, ಹಿಂಡಿ ಸುತ್ತುವುದು, ಅಂಗೈಯಿಂದ ಸವರಿ ನಯ ಮಾಡುವುದು. ಬೆರಳ ತುದಿಯಿಂದ ಒತ್ತಬಾರದು. ಒತ್ತಿದರೆ ಅಲ್ಲೊಂದು ಗುಳಿ ಬಿದ್ದು, ಒಣಗಿದ ಮೇಲೆ ಒಳಗಿನ ಚರ್ಮಕ್ಕೆ ಚುಚ್ಚುತ್ತದೆ. ಹೊಸದಾಗಿ ಸೇರಿದವರಿಗೆ ಅವಳು ಮೊದಲು ಕಲಿಸುವುದೇ ಇದನ್ನು. ಸೈಕಲ್ಲಿನಿಂದ ಬಿದ್ದ ಮಗು ಅಳುತ್ತ ಬಂದರೆ "ಬಾರೋ ಬಂಗಾರ, ನಿನ್ನ ಕೈಗೊಂದು ಬಿಳಿ ಅಂಗಿ ತೊಡಿಸೋಣ" ಎನ್ನುತ್ತಾಳೆ. ಅಂಗಳದಲ್ಲಿ ಇರುವೆ ಸಾಲು ಕಂಡರೆ ದಾಟಿ ಹೆಜ್ಜೆಯಿಡುವ ಹೆಂಗಸು. ಆಸ್ಪತ್ರೆಯಲ್ಲಿ ಸಣ್ಣವರು ದೊಡ್ಡವರೆಲ್ಲ ಅವಳನ್ನು ಪ್ಲಾಸ್ಟರತ್ತೆ ಎಂದೇ ಕರೆಯುತ್ತಾರೆ.

ಇದೇ ಪ್ಲಾಸ್ಟರತ್ತೆ ರೇಸಿನ ದಿನ ತಂತಿಬೇಲಿಗೆ ಮೂಗು ಒತ್ತಿಕೊಂಡು ಕಿರುಚುತ್ತಾಳೆ: "ಗುದ್ದೋ! ಪಕ್ಕೆಗೆ ಗುದ್ದೋ! ಯಾಕೋ ನಾಚ್ಕೋತೀಯಾ, ನಿಮ್ಮಪ್ಪನ ಕಾರಾ ಅದು?"

ರೇಸು ಎಂದರೆ ಟೂರಿಂಗ್ ಕಾರುಗಳದು. ನಾವು ನೀವು ರಸ್ತೆಯಲ್ಲಿ ನೋಡುವಂಥದೇ ಕಾರುಗಳು. ಒಳಗಿನ ಮೆತ್ತೆ, ಹಿಂದಿನ ಸೀಟು ಎಲ್ಲ ಕಿತ್ತು, ಕಬ್ಬಿಣದ ಪಂಜರ ಕೂರಿಸಿ ಓಡಿಸುತ್ತಾರೆ. ಅವು ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಹೋಗುತ್ತವೆ. ಸ್ವಲ್ಪ ತಾಗಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜಾಸ್ತಿ ತಾಗಿದರೆ ನೋಡುವವರು ಬಹಳ ಸಂತೋಷಪಡುತ್ತಾರೆ.

ಹಾಗೆಂದು ಅವರು ಒಪ್ಪುವುದಿಲ್ಲ. ಊರಾಚೆಯ ಆ ಟ್ರ್ಯಾಕಿಗೆ ಬಂದವರನ್ನು ಏಕೆ ಬಂದಿರಿ ಎಂದು ಕೇಳಿದರೆ, ಚಾಲಕರ ಚಾಕಚಕ್ಯತೆ ನೋಡಲು ಎನ್ನುತ್ತಾರೆ. ಅಪಘಾತ ನೋಡಲು ಬಂದೆ ಎಂದವರನ್ನು ನಾನಂತೂ ಕಂಡಿಲ್ಲ. ಆದರೆ ಚಾಕಚಕ್ಯತೆ ಚೆನ್ನಾಗಿ ಕಾಣುವುದು ನೇರ ಹಾದಿಯ ಕೊನೆಯ ಗ್ಯಾಲರಿಯಿಂದ. ಅಲ್ಲಿ ನೆರಳಿದೆ, ಕುರ್ಚಿಗಳಿವೆ, ಕುರ್ಚಿಗಳ ಮೇಲೆ ಧೂಳೂ ಇದೆ, ಏಕೆಂದರೆ ಯಾರೂ ಕೂರುವುದಿಲ್ಲ. ಜನ ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಮುತ್ತುವುದು ಕಳ್ಳ ತಿರುವಿನ ಬೇಲಿಗೆ. ಮೊದಲು ಸಾಧುವಾಗಿ ಕಂಡು, ಅರ್ಧಕ್ಕೆ ಬಂದಾಗ ಕತ್ತು ಹಿಸುಕಿದಂತೆ ಕಿರಿದಾಗುವ ತಿರುವು ಅದು. ಅಲ್ಲಿ ನೆರಳಿಲ್ಲ, ಕೂರಲು ಕಲ್ಲೂ ಇಲ್ಲ, ಗೆಲ್ಲುವವರು ಯಾರೆಂದು ತಿಳಿಯುವುದೂ ಇಲ್ಲ. ಚಾಕಚಕ್ಯತೆಯ ಮೇಲೆ ಜನರಿಗೆ ಎಂಥ ಭಕ್ತಿ ನೋಡಿ, ಬಿಸಿಲಲ್ಲಿ ನಿಂತಾದರೂ ಅದು ಕೈಕೊಡುವ ಜಾಗವನ್ನೇ ಕಾಯುತ್ತಾರೆ.

ಆದರೆ ಕಳ್ಳ ತಿರುವಿನವರು ಕಟುಕರಲ್ಲ. ಅವರಿಗೂ ಒಂದು ರೀತಿ ನೀತಿ ಇದೆ. ಕಾರು ಟೈರುಗಳ ಗೋಡೆಗೆ ಬಡಿದ ಕೂಡಲೇ ಹೋ ಎಂದು ಕೂಗಬೇಕು. ಚಾಲಕನನ್ನು ಬಾಯಿಗೆ ಬಂದಂತೆ ಬೈಯಬೇಕು. ಅವನು ಬಾಗಿಲು ತೆಗೆದು ಇಳಿದಾಗ ಚಪ್ಪಾಳೆ ತಟ್ಟಬೇಕು. ಆಮೇಲೆ ಗುದ್ದೋ ಎಂದು ಕೂಗಿದ ಬಾಯಿಯಲ್ಲೇ "ಸದ್ಯ, ಏನೂ ಆಗ್ಲಿಲ್ಲವಲ್ಲ, ದೊಡ್ಡ ಪುಣ್ಯ" ಎನ್ನಬೇಕು. ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದದ್ದೂ ಉಂಟು.

ಆ ತಿರುವು ಒಂದೇ ಒಂದು ಸಲ ಮೌನವಾಗಿತ್ತು. ಬಹಳ ಹಿಂದೆ, ಒಬ್ಬ ಚಾಲಕ ಅಲ್ಲೇ ತೀರಿಕೊಂಡ ದಿನ. ಅಂದಿನಿಂದ ಚಾಲಕರಲ್ಲಿ ಒಂದು ಮಾತಿದೆ: "ಕಳ್ಳ ತಿರುವಿನವರು ಬೈತಿದ್ದಾರೆ ಅಂದ್ರೆ ಯಾರೂ ಸತ್ತಿಲ್ಲ ಅಂತ ಅರ್ಥ."

ಬೈಗುಳ ಶುರು ಮಾಡುವ ಹಕ್ಕು ಪ್ಲಾಸ್ಟರತ್ತೆಯದು. ಅವಳು ಬಾಯಿ ತೆರೆಯದೆ ಬೇರೆಯವರು ತೆರೆಯುವಂತಿಲ್ಲ. ಪಕ್ಕದಲ್ಲಿ ಯಾವಾಗಲೂ ಮೀಟರ್ ಮಾಮ, ಮನೆಮನೆಯ ಕರೆಂಟ್ ಮೀಟರ್ ಓದುವವರು. ಇವರಿಬ್ಬರ ಹೊಟ್ಟೆ ಉರಿಸುತ್ತಿದ್ದದ್ದು ಒಂದು ಬಿಳಿ ಕಾರು. ಅದು ಎಂದೂ ಯಾರಿಗೂ ಗುದ್ದುತ್ತಿರಲಿಲ್ಲ, ಗುದ್ದಿಸಿಕೊಳ್ಳುತ್ತಲೂ ಇರಲಿಲ್ಲ. ಅದರ ಚಾಲಕನಿಗೆ ಅತ್ತೆ ಇಟ್ಟ ಹೆಸರು ಹಾಲಿನವನು.

"ಡಿಕ್ಕೀಲಿ ಹಾಲಿನ ಕ್ಯಾನ್ ಇಟ್ಕೊಂಡಿದ್ದಾನೆ ಕಣ್ರೀ, ತುಳುಕುತ್ತೆ ಅಂತ ಭಯ," ಎನ್ನುತ್ತಿದ್ದಳು ಅತ್ತೆ.

"ಓವರ್‌ಟೇಕ್ ಮಾಡೋಕೆ ಮುಂಚೆ ಇಂಡಿಕೇಟರ್ ಹಾಕ್ತಾನೆ. ನಾನೇ ಕಣ್ಣಾರೆ ನೋಡ್ದೆ," ಎನ್ನುತ್ತಿದ್ದರು ಮೀಟರ್ ಮಾಮ.

ಅತ್ತೆಗೆ ಒಬ್ಬಳೇ ಮಗಳು. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಮಗಳು ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಲೈಸೆನ್ಸ್ ಸಿಕ್ಕಿತು, ಆಮೇಲೂ ಕ್ಲಾಸಿಗೆ ಹೋಗುತ್ತಲೇ ಇದ್ದಳು. ಅತ್ತೆಗೆ ಕೊಂಚ ತಡವಾಗಿಯಾದರೂ ಅರ್ಥವಾಯಿತು. "ಕರ್ಕೊಂಡು ಬಾರೇ ನಿಮ್ಮ ಮೇಷ್ಟ್ರನ್ನ" ಎಂದಳು.

ಮೇಷ್ಟ್ರು ಬಂದರು. ಚಪ್ಪಲಿಯನ್ನು ಬಾಗಿಲ ಪಕ್ಕ ಒಂದಕ್ಕೊಂದು ಸಮಾನಾಂತರವಾಗಿ ಬಿಟ್ಟು ಒಳಗೆ ಬಂದರು. ಅತ್ತೆಗೆ ಮೆಚ್ಚಿಗೆಯಾಯಿತು. ಚಹಾ ಕೊಟ್ಟು ಕೇಳಿದಳು:

"ರಜಾ ದಿನ ಏನ್ ಮಾಡ್ತೀರಪ್ಪಾ?"

"ರೇಸ್ ಓಡಿಸ್ತೀನಿ, ಅಮ್ಮಾ."

ಅತ್ತೆಯ ಮುಖ ಊರಗಲವಾಯಿತು. "ಹೌದಾ! ಯಾವ ಕಾರು?"

"ಬಿಳೀದು. ನೀಲಿ ಪಟ್ಟಿ ಇದೆ."

"ಅಯ್ಯೋ, ಹಾಲಿನವ್ನಾ!"

ಮೇಷ್ಟ್ರು ಚಹಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಒಂದು ಹನಿಯೂ ತುಳುಕಲಿಲ್ಲ. "ಹೌದು. ಕಳ್ಳ ತಿರುವಲ್ಲಿ ಒಬ್ಬರು ಹಾಗೇ ಕರೀತಾರೆ. ಬಾಗಿಲಿಂದ ಒಳಗೆ ಬಂದಾಗ್ಲೇ ಧ್ವನಿ ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತು."

ಅವರು ಹೋದ ಮೇಲೆ ಮಗಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮಾ, ಇಷ್ಟು ದಿನ ಆಗಿದ್ದಾಯ್ತು. ಇನ್ಮೇಲೆ ಅವರಿಗೆ ಏನಾದ್ರೂ ಆದಾಗ ನಿನ್ನ ಬಾಯಿಂದ ಒಂದು ಮಾತು ಬಿದ್ರೂ, ಮದುವೆಗೆ ನೀನು ಬರೋದು ಬೇಡ. ನಿನ್ನ ಜಾಗದಲ್ಲಿ ಚಿಕ್ಕಮ್ಮನ್ನ ಕೂರಿಸ್ತೀನಿ."

ಮಗಳು ಹೇಳಿದ್ದನ್ನು ಮಾಡುವವಳು. ಅಮ್ಮನ ಹಟ ಹಾಗೇ ಇಳಿದು ಬಂದಿತ್ತು. ಚಿಕ್ಕಮ್ಮನಾದರೋ, ಅಕ್ಕನ ಜಾಗ ಖಾಲಿಯಾಗುವುದನ್ನೇ ಕಾಯುತ್ತಿದ್ದವಳು. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

ಮುಂದಿನ ರೇಸಿಗೆ ಹೋಗದೆ ಮನೆಯಲ್ಲಿದ್ದರೆ ಮುಗಿಯುತ್ತಿತ್ತು. ಹಾಗೆಂದು ನಾನೂ ಹೇಳಿದೆ.

"ಕೂಗ್ಬೇಡ ಅಂದಿದ್ದಾಳೆ ಕಣೋ, ಹೋಗ್ಬೇಡ ಅಂದಿಲ್ವಲ್ಲ," ಎಂದಳು.

ಹೋದೆವು. ಅಂದು ಮಗಳೂ ಬಂದಳು. ಗ್ಯಾಲರಿಯ ನೆರಳು ಬಿಟ್ಟು ಬೇಲಿಯ ಹತ್ತಿರ ಅಮ್ಮನ ಪಕ್ಕದಲ್ಲೇ, ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಬಂದವಳ ಹಾಗೆ ನಿಂತಳು. ಅತ್ತೆ ಅಷ್ಟು ಹೊತ್ತಿಗೆ ಮೀಟರ್ ಮಾಮನ ಕಿವಿಯಲ್ಲಿ ಕಷ್ಟ ಹೇಳಿಕೊಂಡಿದ್ದಳು. ಮೀಟರ್ ಮಾಮ ಪಕ್ಕದವರಿಗೆ, ಅವರು ಅವರ ಪಕ್ಕದವರಿಗೆ. ಬೇಲಿಯುದ್ದಕ್ಕೂ ಸುದ್ದಿ ಓಡಿತು: ಹಾಲಿನವನು ನಮ್ಮ ಅತ್ತೆಯ ಅಳಿಯನಾಗುವವನು, ಇವತ್ತು ಅವನಿಗೆ ಏನೇ ಆದರೂ ಯಾರೂ ಉಸಿರೆತ್ತಬಾರದು. ಎಲ್ಲರೂ ಎದೆ ಮುಟ್ಟಿ ಒಪ್ಪಿದರು. ಬೀಗರೆಂದ ಮೇಲೆ ಮರ್ಯಾದೆ ಬೇಡವೇ?

ಅರ್ಧ ರೇಸು ಮುಗಿದಿತ್ತು. ಬಿಳಿ ಕಾರು ಎಂದಿನಂತೆ ಅಚ್ಚುಕಟ್ಟಾಗಿ ತಿರುವಿಗೆ ಬಂತು. ಅದರ ಹಿಂದೆ ಒಂದು ಕೆಂಪು ಕಾರು, ಒಳಗಡೆಯಿಂದ ಜಾಗವಿಲ್ಲದ ಕಡೆ ಜಾಗ ಮಾಡಿಕೊಳ್ಳಲು ಹೋಗಿ, ಬಿಳಿ ಕಾರಿನ ಹಿಂಚಕ್ರದ ಬಳಿ ತಿವಿಯಿತು. ಬಿಳಿ ಕಾರು ಬುಗುರಿಯಂತೆ ತಿರುಗಿ, ಚಾಲಕರಿಗೆ ಅಪಾಯದ ಎಚ್ಚರಿಕೆ ಕೊಡುವ ಬಾವುಟದವನು ನಿಲ್ಲುವ ಕಟ್ಟೆಯ ಕಡೆ ಜಾರಿತು. ಬಾವುಟದವನು ಒಂದು ನೆಗೆತಕ್ಕೆ ಗೋಡೆಯ ಹಿಂದೆ ಮಾಯವಾದ. ಕಾರು ಟೈರುಗಳಿಗೆ ಬಡಿಯಿತು. ಧೂಳು ಎದ್ದಿತು.

ಯಾರೂ ಕೂಗಲಿಲ್ಲ.

ಇಡೀ ಬೇಲಿ ತುಟಿ ಕಚ್ಚಿಕೊಂಡು ನಿಂತಿತ್ತು. ಕೊಟ್ಟ ಮಾತು ಅಂದರೆ ಹಾಗೆ. ಕೆಲವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಧೂಳು ಇಳಿಯಿತು. ಗೋಡೆಯ ಹಿಂದಿನಿಂದ ಹಳದಿ ಬಾವುಟ ಮೇಲೆದ್ದು ಬೀಸತೊಡಗಿತು, ಆದರೆ ಕಾರಿನ ಮೂತಿ ಆ ಕಡೆಗಿರಲಿಲ್ಲ, ಒಳಗಿದ್ದವರಿಗೆ ಅದು ಕಾಣುವಂತಿರಲಿಲ್ಲ. ಉಳಿದ ಕಾರುಗಳು ದಾಟಿ ಹೋಗುವವರೆಗೆ ಸಹಾಯದವರು ಟ್ರ್ಯಾಕಿಗೆ ಇಳಿಯುವಂತಿಲ್ಲ. ಬಾನೆಟ್ಟಿನಿಂದ ಬಿಳಿ ಹೊಗೆ ಬರುತ್ತಿತ್ತು. ಮೇಷ್ಟ್ರು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ನೆಟ್ಟಗೆ ಕೂತಿದ್ದರು. ತಲೆ ಅಲ್ಲಾಡುತ್ತಿತ್ತು, ಎಚ್ಚರವಿತ್ತು. ಆದರೆ ಇಳಿಯುತ್ತಿರಲಿಲ್ಲ.

"ಯಾಕಮ್ಮಾ ಇಳೀತಿಲ್ಲ?" ಮಗಳು ಅಮ್ಮನ ತೋಳು ಹಿಡಿದುಕೊಂಡಳು. "ಹೊಗೆ ಬರ್ತಿದೆ. ಯಾಕೆ ಇಳೀತಿಲ್ಲ?"

ಅತ್ತೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಷ್ಟು ಬಾಯಿಗಳು, ಒಂದರಲ್ಲೂ ಸದ್ದಿಲ್ಲ. ಆ ತಿರುವು ಹಿಂದೊಮ್ಮೆ ಹೀಗಿದ್ದದ್ದನ್ನು ಕಂಡವಳು ಅವಳು.

"ಅಯ್ಯೋ ಶಿವನೇ," ಎಂದಳು. "ಯಾರೋ ಸತ್ರು ಅಂದ್ಕೊಂಡಿದ್ದಾನೆ ಕಣೇ ಅವನು."

ಮಗಳ ಮುಖವನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಮದುವೆಮನೆಯೂ ಇತ್ತು, ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತ ಚಿಕ್ಕಮ್ಮನೂ ಇದ್ದಳು. ಆಮೇಲೆ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೇಲಿ ನಡುಗುವ ಹಾಗೆ ಕೂಗಿದಳು:

"ಏಯ್ ಹಾಲಿನವ್ನೇ! ಎಲ್ಲಾ ಚೆಲ್ಲಿಬಿಟ್ಯಲ್ಲೋ! ಅಲ್ಲೇ ಕೂತ್ಕೊಂಡು ಮೊಸರು ಮಾಡ್ತೀಯೇನೋ? ಇಳಿಯೋ ಕೆಳಗೆ, ದಂಡಪಿಂಡ!"

ಕಳ್ಳ ತಿರುವಿಗೆ ಇಷ್ಟೇ ಬೇಕಿತ್ತು. ಕಟ್ಟೆ ಒಡೆದ ಹಾಗೆ ಬೈಗುಳ ನುಗ್ಗಿತು. ಮೀಟರ್ ಮಾಮ ತಡೆದಿಟ್ಟದ್ದನ್ನೆಲ್ಲ ಬಡ್ಡಿ ಸಮೇತ ಬೈದರು. ಕಾರಿನೊಳಗೆ ಮೇಷ್ಟ್ರ ತಲೆ ಸರ್ರನೆ ಬೇಲಿಯ ಕಡೆ ತಿರುಗಿತು. ಬಾಗಿಲು ತೆರೆಯಿತು. ಇಳಿದವರು ಮೊದಲು ಬಾವುಟದ ಕಟ್ಟೆಯ ಕಡೆ ನೋಡಿದರು. ಅಲ್ಲಿ ಬಾವುಟದವನು ಬೀಸುತ್ತಲೇ ಇದ್ದ, ಮೈಯೆಲ್ಲ ಧೂಳು. ಮೇಷ್ಟ್ರು ಮಂಡಿಯ ಮೇಲೆ ಕೈಯೂರಿ ಬಗ್ಗಿ ಒಂದಷ್ಟು ಉಸಿರೆಳೆದುಕೊಂಡು, ಆಮೇಲೆ ಗೋಡೆ ದಾಟಿದರು. ಚಪ್ಪಾಳೆ ಬಿತ್ತು.

ಟ್ರ್ಯಾಕಿನ ಚಿಕಿತ್ಸೆಯ ಕೋಣೆಯಲ್ಲಿ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದರು. ಮಣಿಕಟ್ಟು ಉಳುಕಿತ್ತು, ಅಷ್ಟೆ.

"ತಿರುಗ್ತಾ ಇದ್ದಾಗ ಬಾವುಟದವರು ಎದುರಿಗೇ ಕಂಡ್ರು," ಎಂದರು ಮೇಷ್ಟ್ರು. "ಆಮೇಲೆ ಕಾಣ್ಲಿಲ್ಲ. ಗೋಡೆಗೆ ಬಡಿದ ಮೇಲೆ ಕಿವಿಗೊಟ್ಟು ಕೇಳ್ದೆ. ಬೇಲಿ ಕಡೆಯಿಂದ ಒಂದು ಸದ್ದಿಲ್ಲ. ನಾನೇ ಅವರನ್ನ ಕೊಂದೆ ಅಂತ ಖಾತ್ರಿ ಆಗೋಯ್ತು. ಇಳಿದು ನೋಡೋಕೆ ಧೈರ್ಯ ಬರ್ಲಿಲ್ಲ."

ಮೀಟರ್ ಮಾಮ ತಲೆ ಕೆರೆದುಕೊಂಡರು. "ಜನ್ಮದಲ್ಲಿ ಒಂದ್ಸಲ ಮರ್ಯಾದೆ ಕೊಡೋಕೆ ಹೋದ್ವಿ ನೋಡಪ್ಪಾ. ಇನ್ನೊಂದ್ಸಲ ಇಂಥ ತಪ್ಪು ಮಾಡಲ್ಲ."

ಅತ್ತೆ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬರುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯದ ಜಾಗ ನಾನು ನೋಡಿದ್ದು ಅದೊಂದೇ. ಮಗಳು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ನಿಜ ಹೇಳಮ್ಮಾ," ಎಂದಳು ಮಗಳು. "ಕಾರು ತಿರುಗಿದಾಗ, ಒಳಗೊಳಗೇ, ಒಂಚೂರು ಖುಷಿ ಆಯ್ತಾ?"

ಅತ್ತೆಗೆ ಸುಳ್ಳು ಹೇಳುವುದು ಸುಲಭವಿತ್ತು.

"ಒಂದೇ ಒಂದು ಸುತ್ತು ತಿರುಗೋವರೆಗೆ," ಎಂದಳು. "ಆಮೇಲೆ ಅವನು ಬಾಗಿಲು ತೆಗೀತಾನಾ ಅಂತ ಅದೊಂದನ್ನೇ ನೋಡ್ತಿದ್ದೆ ಕಣೇ."

ಮಗಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಮದುವೆಗೆ ಬಾ. ಆದ್ರೆ ಬಾಯಿ ಮನೇಲಿಟ್ಟು ಬಾ."

"ಮತ್ತೆ ಊಟಕ್ಕೆ?"

"ಊಟದ ಹೊತ್ತಿಗೆ ಚಿಕ್ಕಮ್ಮನ ಕೈಲಿ ತರಿಸ್ಕೊಡ್ತೀನಿ."