ಅಪ್ಪ ಹಾಕಿದ ಗಂಟು

ಆಗೆಲ್ಲ ಮಕ್ಕಳನ್ನು ಸೈಕಲ್ ಮೇಲೆ ಹೇಗೆ ಕೂರಿಸಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದೆ ಪೈಪು, ಹಿಂದೆ ಕ್ಯಾರಿಯರ್, ಮುಗೀತು. ನಮ್ಮಪ್ಪನಿಗೆ ನಾವಿಬ್ಬರೇ: ಎಂಟು ವರ್ಷದ ನಾನು, ನಾಲ್ಕು ವರ್ಷದ ತಮ್ಮ ಬಸು. ಮೂರನೆಯದು ಅಪ್ಪನ ಹೆಗಲ ಮೇಲಿನ ವಲ್ಲಿ, ಕೆಂಪಂಚಿನ ಟವೆಲ್ಲು.

ನಮ್ಮ ಜಗಳವೆಲ್ಲ ಆ ವಲ್ಲಿಯದೇ. ಬಸು ಮುಂದೆ ಕೂತರೆ ಅಪ್ಪ ಅದನ್ನು ಮಡಚಿ ಪೈಪಿಗೆ ಸುತ್ತಿ ಮೆತ್ತಗೆ ಮಾಡುತ್ತಿದ್ದ. ಹಿಂದೆ ಕೂತರೆ ಗಾಲಿಯ ಕಡ್ಡಿಗೆ ಸಿಗದಂತೆ ಅವನ ಕಾಲುಗಳನ್ನು ಅದರಿಂದಲೇ ಕ್ಯಾರಿಯರಿಗೆ ಕಟ್ಟುತ್ತಿದ್ದ. ಅಂದರೆ ಹೇಗಿದ್ದರೂ ವಲ್ಲಿ ಅವನದೇ!

"ನನಗ ಪೈಪ್ ಒತ್ತತೈತಿ, ಅಪ್ಪಾ" ಎಂದರೆ, "ನೀ ದೊಡ್ಡಾಕಿ ಅಲ್ಲೇನ್ ಬೇ, ತಡಕೋ" ಎನ್ನುತ್ತಿದ್ದ. ದೊಡ್ಡಾಕೆಯಾದದ್ದು ನನ್ನ ತಪ್ಪೇ?

ಸೀತನಿ ಕಾಲದಲ್ಲಿ ನಮ್ಮ ರವಿವಾರಗಳೆಲ್ಲ ಅರಕೇರಿಯ ಅತ್ತೆಯ ಹೊಲದಲ್ಲೇ. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ, ಶೇಂಗಾ ಚಟ್ನಿಯ ಜೊತೆ ಬೊಗಸೆಗೆ ಹಾಕಿದರೆ ಕೈಗೆಲ್ಲ ಹೊಗೆಯ ವಾಸನೆ. ಅವ್ವ ರೊಟ್ಟಿಯ ಗಂಟು ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ನಾವು ಮೂವರು ಗೋಳಗುಮ್ಮಟದ ಹತ್ತಿರದ ಮನೆಯಿಂದ ನಸುಕಿನ ಚಳಿಯಲ್ಲೇ ಸೈಕಲ್ ಏರುತ್ತಿದ್ದೆವು. ಹೋಗುವಾಗ ಮುಂದಿನ ಜಾಗ ನನ್ನದು. ಗಂಟೆ ಬಾರಿಸುವ ಅಧಿಕಾರವೂ ನನ್ನದು. ಅಪ್ಪನ ಗದ್ದ ನೆತ್ತಿಗೆ ತಾಗುತ್ತಿತ್ತು, ಉಸಿರಿನಲ್ಲಿ ಎಲೆಅಡಿಕೆಯ ವಾಸನೆ.

ಒಂದು ರವಿವಾರ ಅಪ್ಪ ದಾರಿಯ ಚಹಾದಂಗಡಿಯ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಳಗೆ ಹೋದ. ಬಸು ಹಿಂದೆ ಸೀಟಿಗೆ ತಲೆಯಾನಿಸಿ ತೂಕಡಿಸುತ್ತಿದ್ದ. ನನ್ನ ತೊಡೆ ಉರಿಯುತ್ತಿತ್ತು. ಮೆಲ್ಲಗೆ ಇಳಿದು ಅವನ ಕಾಲಿನ ಗಂಟು ಬಿಚ್ಚಿದೆ. ಅಬ್ಬಾ, ಎಷ್ಟು ಗಟ್ಟಿ ಇತ್ತದು! ಹಲ್ಲು ಹಚ್ಚಬೇಕಾಯಿತು. ವಲ್ಲಿಯನ್ನು ಪೈಪಿಗೆ ಸುತ್ತಿ, ಮೇಲೆ ಫ್ರಾಕ್ ಹರಡಿ, ಏನೂ ಅರಿಯದವಳಂತೆ ಕೂತೆ.

ಅಪ್ಪ ನೋಡಲಿಲ್ಲ. ಮುಂದಿನ ಏರಿನಲ್ಲಿ ಎದ್ದು ನಿಂತು ತುಳಿಯುತ್ತಿದ್ದಾಗ ಗಾಲಿ ಗಕ್ಕನೆ ನಿಂತಿತು. ಬಸು ಚೀರಿದ.

ಅವನ ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿತ್ತು. ಅಪ್ಪ ಅವನನ್ನು ಬಿಡಿಸಿ ಎತ್ತಿಕೊಂಡು, ನನ್ನ ಕಡೆ ತಿರುಗಿದ. ಹೆದರಿಕೆಗೆ ಇಳಿದು ನಿಂತಿದ್ದೆ. ಪೈಪಿನ ಮೇಲೆ ವಲ್ಲಿ ಹಾಗೇ ಇತ್ತು. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. ವಲ್ಲಿಯನ್ನು ಸರಕ್ಕನೆ ಎಳೆದು ಬಸುವಿನ ಕಾಲಿಗೆ ಸುತ್ತಿದ, ಹಿಂದೆ ಬಂದ ಜೀಪಿಗೆ ಕೈ ಮಾಡಿದ.

ಐದು ಹೊಲಿಗೆ ಬಿದ್ದವು. ಸಂಜೆ ಅವ್ವ ಅಳುತ್ತ ಕೇಳಿದಳು, "ಕೂಸಿನ ಕಾಲ ಕಟ್ಟಿದ್ದಿಲ್ಲೇನ್ರಿ?"

"ಕಟ್ಟಿದ್ನೆ. ಗಂಟ ಸಡಲ ಬಿದ್ದಿತ್ತು. ನಂದ ತಪ್ಪು" ಎಂದ ಅಪ್ಪ.

ಕಂಬದ ಹಿಂದೆ ನಿಂತು ಕೇಳಿದೆ.

ಅಂದಿನಿಂದ ಅಪ್ಪ ನಮ್ಮಿಬ್ಬರನ್ನು ಒಟ್ಟಿಗೆ ಸೈಕಲ್ ಹತ್ತಿಸಲಿಲ್ಲ. ಅರಕೇರಿಗೆ ಬಸ್ಸಿನಲ್ಲೇ ಹೋದೆವು. ಅತ್ತೆ ಮಾತ್ರ ಪ್ರತಿ ಸಲ ಕಾಡುತ್ತಿದ್ದಳು: "ಹೊಲದಾಗ ಎತ್ತು ಕಟ್ಟಾಂವಗ ಮಗನ ಕಾಲ ಕಟ್ಟಾಕ ಬರಲಿಲ್ಲ ನೋಡ್ರಿ!" ಅಪ್ಪ ನಕ್ಕುಬಿಡುತ್ತಿದ್ದ. ಅವನಿರುವ ತನಕವೂ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮೊನ್ನೆ ಮಗಳಿಗೆಂದು ಸೈಕಲ್ ಸೀಟು ಕೊಳ್ಳಲು ಹೋಗಿದ್ದೆ. ಮುಂದಿನದು, ಹಿಂದಿನದು, ಬೆಲ್ಟು, ಮೆತ್ತೆ, ಕಾಲಿಗೆ ಗೂಡು. ಅಂಗಡಿಯವನು ಬಣ್ಣ ತೋರಿಸುತ್ತಿದ್ದರೆ ನಾನು ಮೂರು ಸಲ "ಕಾಲ ಎಲ್ಲಿ ಇಡತಾಳ್ರಿ?" ಎಂದೇ ಕೇಳಿದೆ. ಹಿಂದಿನದನ್ನೇ ತಂದೆ. ಅದರಲ್ಲಿ ಕೂತ ಮಗುವಿನ ನೆತ್ತಿಗೆ ಯಾರ ಗದ್ದವೂ ತಾಗುವುದಿಲ್ಲ.

ಟಿಕೋಟಾದಿಂದ ಬಂದಿದ್ದ ಬಸುವೇ ಅದನ್ನು ಕೂರಿಸಿಕೊಟ್ಟ. ಬೆಲ್ಟು ಬಿಗಿಯುತ್ತ, ಚಪ್ಪಲಿ ಕಳಚಿ ನನ್ನ ಮಗಳಿಗೆ ಹಿಮ್ಮಡಿಯ ಕಲೆ ತೋರಿಸಿದ.

"ನಿಮ್ಮಜ್ಜಗ ಗಂಟ ಹಾಕಾಕ ಬರತಿದ್ದಿಲ್ಲಬೇ. ಅದಕ್ಕ ಮಾಮಾಗ ಹಿಂಗಾಗೇತಿ."

ಮಗಳು ಕಿಲಕಿಲ ನಕ್ಕಳು. ನನಗೆ ತಡೆಯಲಾಗಲಿಲ್ಲ.

"ಅಪ್ಪನ ಗಂಟ ಗಟ್ಟಿ ಇತ್ತೋ, ತಮ್ಮಾ. ಬಿಚ್ಚಿದಾಕಿ ನಾ."

ಬಸುವಿನ ಕೈ ಬೆಲ್ಟಿನ ಮೇಲೇ ನಿಂತಿತು. ಕಲೆಯನ್ನೊಮ್ಮೆ ನೋಡಿಕೊಂಡು ಕೇಳಿದ, "ಅಪ್ಪಗ ಗೊತ್ತಿತ್ತೇನ?"

"ಗೊತ್ತಿತ್ತು."